ನಾನು ಬರೆಸದ ಎರಡು ಹೆಸರು

ಆ ಕೆಮ್ಮು ನನಗೆ ಮೊದಲು ಕೇಳಿಸಿದ್ದು ಫೋನಿನಲ್ಲಿ.

ಮಧ್ಯಾಹ್ನ ನಾಲ್ಕರ ಹೊತ್ತು. ನಾನು ತೋಟದಲ್ಲಿ ಕಾಯಿ ಸುಲಿಯುತ್ತಿದ್ದೆ. ಜರ್ಮನಿಯಲ್ಲಿರುವ ನನ್ನ ತಂಗಿ ಸವಿತಾಳಿಗೆ ಅದು ಊಟದ ಬಿಡುವು. ದಿನವೂ ಅದೇ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅವತ್ತು ಮಾತಿನ ಮಧ್ಯೆ ಮುಖ ತಿರುಗಿಸಿ ಕೆಮ್ಮಿದಳು. ಒಣ ಕೆಮ್ಮು. ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

ಆ ಕೆಮ್ಮಿನ ಪರಿಚಯ ನನಗಿತ್ತು.

"ಚಳಿಗೆ ಕಣಣ್ಣ," ಎಂದಳು.

"ಹಂಗಾದ್ರೆ ಕಿಟಕಿ ಮುಚ್ಕೊಂಡು ಬೆಚ್ಚಗಿರು," ಎಂದೆ.

ಗೊತ್ತಿದ್ದೂ ಹಾಗೆಂದೆ. ಅದನ್ನೇ ಬರೆಯಲು ಕೂತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ಬರೆ ಎಂದವಳು ಸವಿತಾಳೇ.

ಅವಳೂ ಅವಳ ಗಂಡ ಲೋಕೇಶನೂ ಅಲ್ಲಿಗೆ ಹೋಗಿದ್ದು ಭಾಷೆ ಕಲಿಯಲು. ಒಂದು ವರ್ಷ ಜರ್ಮನ್ ಕಲಿತು ಪರೀಕ್ಷೆ ಪಾಸಾದರೆ ಅಲ್ಲೇ ಕೆಲಸದ ತರಬೇತಿಗೆ ಸೇರಬಹುದು. ಹಾಸ್ಟೆಲ್ಲಿನಂಥ ಕಟ್ಟಡದಲ್ಲಿ ಇಬ್ಬರಿಗೂ ಒಂದು ರೂಮು. ಅಡುಗೆಮನೆ ಆರು ರೂಮಿನವರಿಗೂ ಸೇರಿದ್ದು. ಇವರಿಬ್ಬರೂ ಒಂದೊಂದು ವಸ್ತುವಿಗೂ ಅದರ ಜರ್ಮನ್ ಹೆಸರಿನ ಚೀಟಿ ಅಂಟಿಸಿದ್ದರು. ಬಾಗಿಲಿಗೆ, ಬಕೆಟ್ಟಿಗೆ, ರಾಗಿಹಿಟ್ಟಿನ ಡಬ್ಬಕ್ಕೆ, ಒಂದು ದಿನ ಲೋಕೇಶನ ಬೆನ್ನಿಗೂ. ಬೆಳಿಗ್ಗೆ ಲೋಕೇಶ ಬ್ರೆಡ್ ತರಲು ಹೋದರೆ ಅಂಗಡಿಯವಳಿಗೆ ಹೊಸದೊಂದು ವಾಕ್ಯ ಹೇಳಿ ಬರಬೇಕು, ಇಲ್ಲದಿದ್ದರೆ ಕಾಫಿ ಇಲ್ಲ. ರಾತ್ರಿ ಊಟದವರೆಗೂ ಕನ್ನಡ ಆಡುವಂತಿಲ್ಲ ಎಂದು ಇಬ್ಬರೂ ನಿಯಮ ಮಾಡಿಕೊಂಡಿದ್ದರು. ನನ್ನ ಫೋನಿಗೆ ಮಾತ್ರ ರಿಯಾಯಿತಿ.

"ಜಗಳ ಆಡಕ್ಕೆ ಪದನೇ ಸಾಲಲ್ಲ ಭಾವ. ಅದಕ್ಕೇ ಸಂಸಾರ ಸುಸೂತ್ರವಾಗೈತೆ," ಎಂದು ಲೋಕೇಶ ನಗುತ್ತಿದ್ದ.

"ನಾನು ಕಲಿಯೋಗಂಟ ತಡ್ಕೊಳ್ರೀ, ಆಮೇಲೈತೆ ನಿಮ್ಗೆ," ಎಂದು ಇವಳು ಹಿಂದಿನಿಂದ ಕೂಗುತ್ತಿದ್ದಳು.

ಕ್ಲಾಸಿಗೆ ಅವಳೇ ಮೊದಲು. ಆದರೆ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕೈಯ ಬಳೆ ಮೊಣಕೈವರೆಗೂ ಜಾರುವುದನ್ನು ನಾನು ಫೋನಿನಲ್ಲೇ ನೋಡಿದೆ. ಪ್ರತಿ ಸಲವೂ ಕಿಟಕಿ ಮುಚ್ಚು ಎಂದೆ, ಬಿಸಿನೀರು ಕುಡಿ ಎಂದೆ. ಹೇಳಬೇಕಾದ ಒಂದು ಮಾತನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ಒಂದು ದಿನ ಕ್ಲಾಸಿನಲ್ಲಿ ಪಾಠ ಓದುತ್ತಿದ್ದಾಗ ಕೆಮ್ಮು ಬಂತು.

ಕರವಸ್ತ್ರದಲ್ಲಿ ರಕ್ತ.

ಆಸ್ಪತ್ರೆಗೆ ಸೇರಿಸಿದರು. ಎಕ್ಸ್‌ರೇ ಆಯಿತು, ಕಫದ ಟೆಸ್ಟ್ ಆಯಿತು. ಒಬ್ಬಳನ್ನೇ ಐಸೊಲೇಷನ್ ರೂಮಿನಲ್ಲಿಟ್ಟರು. ಲೋಕೇಶ ಫೋನ್ ಮಾಡಿದ.

"ಭಾವ, ಟಿ.ಬಿ. ಅಂತೆ."

ಸುಲಿದ ಕಾಯಿಯ ರಾಶಿಯ ಪಕ್ಕದಲ್ಲಿ ಹಾಗೇ ಕೂತುಬಿಟ್ಟೆ. ಸವಿತಾ ಜರ್ಮನಿಗೆ ಹೋಗುವ ಹಿಂದಿನ ಚಳಿಗಾಲದಲ್ಲಿ ಅದೇ ಕಾಯಿಲೆ ನನಗೆ ಬಂದಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ನೊಣವಿನಕೆರೆ ಕಡೆ ಕೆಮ್ಮನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಕಾಯಿ ಸುಲಿದರೆ ನಾರಿನ ಧೂಳು. ಕೊಬ್ಬರಿಯಾಗಲೆಂದು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟ ಕಾಯಿಯನ್ನು ಕೆಳಗಿಳಿಸಿದರೆ ಇನ್ನಷ್ಟು ಧೂಳು. ಈ ಕೆಲಸ ಮಾಡುವವರೆಲ್ಲ ಕೆಮ್ಮುತ್ತಾರೆ. "ನಾರಿನ ಧೂಳು ಕಣ್ಲಾ ಸಿದ್ದ, ಒಂದು ಉಂಡೆ ಬೆಲ್ಲ ತಿನ್ನು, ಇಳಿದೋಯ್ತದೆ," ಎಂದಳು ಅವ್ವ. ಎರಡು ತಿಂಗಳು ಬೆಲ್ಲ ತಿಂದೆ. ಎರಡು ತಿಂಗಳೂ ಕೆಮ್ಮಿದೆ.

ಆ ಎರಡು ತಿಂಗಳೂ ಸವಿತಾ ದಿನಾ ಸಂಜೆ ನನ್ನ ಎದುರಿಗೆ ಕೂರುತ್ತಿದ್ದಳು. ಆಗಲೇ ಜರ್ಮನ್ ಕಲಿಯಲು ಶುರುಮಾಡಿದ್ದಳು. ಚೀಟಿಗಳ ಕಟ್ಟು ನನ್ನ ಕೈಗೆ ಕೊಡುವಳು. ನಾನು ಕನ್ನಡದ ಪದ ಓದಬೇಕು, ಅವಳು ಜರ್ಮನ್ ಹೇಳಬೇಕು. ಚಳಿಗೆ ಬಾಗಿಲು ಹಾಕಿಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರುತ್ತಿದ್ದೆವು. ನನ್ನ ಓದಿಗೆ ಅಷ್ಟು ಬೆಲೆ ಕೊಟ್ಟವರು ಬೇರೆ ಯಾರೂ ಇರಲಿಲ್ಲ. ನಾನು ಓದುತ್ತಿದ್ದೆ, ಕೆಮ್ಮುತ್ತಿದ್ದೆ, ಮತ್ತೆ ಓದುತ್ತಿದ್ದೆ.

ಕೊನೆಗೆ ಮೈ ಸೋತು ಆಸ್ಪತ್ರೆಗೆ ಹೋದೆ. ಆರು ತಿಂಗಳು ಮಾತ್ರೆ ತಗೊಂಡರೆ ಪೂರ್ತಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಅದೇ ವಾರ ಆರೋಗ್ಯ ಕಾರ್ಯಕರ್ತೆ ಪುಸ್ತಕ ಹಿಡಿದು ತೋಟದ ಶೆಡ್ಡಿಗೇ ಬಂದರು.

"ಮನೇಲಿ ಯಾರ್ಯಾರಿದ್ದೀರಿ? ಎಲ್ಲರಿಗೂ ಟೆಸ್ಟ್ ಮಾಡಿಸ್ಬೇಕು."

ಶೆಟ್ಟಿಕೆರೆಯ ಲೋಕೇಶನ ಮನೆಯವರು ಸವಿತಾಳನ್ನು ನೋಡಿಕೊಂಡು ಹೋಗಿ ಎಂಟು ದಿನವಾಗಿತ್ತು. ಟಿ.ಬಿ. ಇರುವ ಮನೆ ಎಂದು ಗೊತ್ತಾದರೆ ಅವರು ಹಿಂದೆ ಸರಿಯುತ್ತಾರೆ ಎಂದು ನಾನೇ ತೀರ್ಮಾನಿಸಿದೆ.

"ಯಾರೂ ಇಲ್ಲ ಮೇಡಂ. ಈ ಶೆಡ್ಡಿನಾಗೆ ನಾನೊಬ್ಬನೇ ಇರೋದು."

ಅವರು ಬರೆದುಕೊಂಡು ಹೋದರು.

ಮಾತ್ರೆಗಳನ್ನೂ ಆಸ್ಪತ್ರೆಯವರು ಕೊಟ್ಟ ಚಿಕಿತ್ಸೆಯ ಕಾರ್ಡನ್ನೂ ಅಟ್ಟದ ಮೇಲೆ ಕಾಯಿಯ ನಡುವೆ ಬಚ್ಚಿಟ್ಟೆ. ಕೊಬ್ಬರಿ ಇಳಿಸುವವರೆಗೆ ಅಲ್ಲಿಗೆ ಬೇರೆ ಯಾರೂ ಹತ್ತುವುದಿಲ್ಲ. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಆ ಮಾತ್ರೆಗೆ ಮೂತ್ರ ಕೆಂಪಗೆ ಹೋಗುತ್ತಿದ್ದರಿಂದ ಅದಕ್ಕೂ ತೋಟಕ್ಕೇ ಹೋಗುತ್ತಿದ್ದೆ. ಮದುವೆ ಚೆನ್ನಾಗಿ ಆಯಿತು. ನಾನೂ ವಾಸಿಯಾದೆ. ಅವರಿಬ್ಬರೂ ವಿಮಾನ ಹತ್ತಿದರು. ಎಲ್ಲವನ್ನೂ ಸರಿಯಾಗಿ ನಿಭಾಯಿಸಿದೆ ಎಂದುಕೊಂಡಿದ್ದೆ.

ಲೋಕೇಶನ ಫೋನಿನ ಮಾರನೆಯ ದಿನ ಸವಿತಾ ಐಸೊಲೇಷನ್ ರೂಮಿನಿಂದ ಕಾಲ್ ಮಾಡಿದಳು. ಮಾಸ್ಕಿನ ಮೇಲೆ ಬರೀ ಕಣ್ಣು.

"ಅಣ್ಣ, ಡಾಕ್ಟ್ರು ಕೇಳ್ತಾವ್ರೆ. ನಮ್ಮನೇಲಿ ಯಾರಿಗಾದ್ರೂ ಟಿ.ಬಿ. ಬಂದಿತ್ತಾ?"

"ಇಲ್ಲ ಕಣೇ," ಎಂದೆ.

ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ.

ಮೂರು ದಿನ ಬಿಟ್ಟು ಅವಳು ಹೇಳಿದ ವಿಷಯ ನನ್ನನ್ನು ಅಲ್ಲಾಡಿಸಿತು. ಯಾರ್ಯಾರ ಹತ್ತಿರ ಕೂತಿದ್ದೆ, ಯಾರ್ಯಾರ ಜೊತೆ ಉಂಡೆ ಎಂದು ಅಲ್ಲಿನ ಆರೋಗ್ಯ ಇಲಾಖೆಯವಳು ಕೇಳಿದಳಂತೆ. ಲೋಕೇಶ ಹತ್ತಿರವಿಲ್ಲ, ಕನ್ನಡ ಬಲ್ಲವರು ಯಾರೂ ಇಲ್ಲ. ಅರೆಬರೆ ಜರ್ಮನ್‌ನಲ್ಲಿ ತಾನೇ ಕೂತು ಹದಿನಾಲ್ಕು ಜನರ ಹೆಸರು ಬರೆದುಕೊಟ್ಟಳಂತೆ. ಕ್ಲಾಸಿನವರು, ಟೀಚರು, ಅಡುಗೆಮನೆಯಲ್ಲಿ ಮುದ್ದೆ ರುಚಿ ನೋಡಿದ ಪಕ್ಕದ ರೂಮಿನವಳು.

"ನಾಚ್ಕೆ ಆಗ್ಲಿಲ್ವೇನೇ?" ಎಂದೆ.

"ಆಯ್ತು. ಆದ್ರೆ ಅವರ ಮನೇಲೂ ಮಕ್ಕಳವ್ರಲ್ಲಣ್ಣ."

ಆಮೇಲೆ ಡಾಕ್ಟರ ಮಾತು ಹೇಳಿದಳು. ಈ ಮಾತ್ರೆಗಳಿಗೆ ಅವಳ ಕಾಯಿಲೆ ಬಗ್ಗುತ್ತದೋ ಇಲ್ಲವೋ ಎನ್ನುವ ರಿಪೋರ್ಟ್ ಪೂರ್ತಿ ಬರಲು ವಾರಗಳೇ ಬೇಕಂತೆ. ಯಾರಿಂದ ಬಂತು, ಅವರು ಯಾವ ಮಾತ್ರೆಯಿಂದ ವಾಸಿಯಾದರು ಎಂದು ತಿಳಿದಿದ್ದರೆ ಒಂದು ದಾರಿ ಸಿಗುತ್ತಿತ್ತಂತೆ.

ಹದಿನಾಲ್ಕು ಹೆಸರು. ನಾನು ಬರೆಸಬೇಕಿದ್ದದ್ದು ಎರಡೇ. ಅವ್ವನದು, ಇವಳದು.

ಏಣಿ ಹಾಕಿ ಅಟ್ಟ ಹತ್ತಿದೆ. ಕಾರ್ಡು ಅಲ್ಲೇ ಇತ್ತು. ಕೆಳಗಿಳಿದು ಅವ್ವನ ಎದುರಿಗೇ ಕಾಲ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಸವಿತಾ ಮಾಸ್ಕ್ ಸರಿಮಾಡಿಕೊಂಡು ಕೇಳಿದಳು.

"ಮಾತ್ರೆ ಒಂದಿನಾನೂ ತಪ್ಪಿಸ್ಲಿಲ್ವಾ?"

"ಇಲ್ಲ."

"ಪೂರ್ತಿ ವಾಸಿ ಆಯ್ತಾ?"

"ಆಯ್ತು ಕಣೇ."

"ಕಾರ್ಡಿನ ಫೋಟೋ ಕಳ್ಸು. ಇವತ್ತು ನಿನ್ನ ಜೊತೆ ಮಾತಾಡಕ್ಕೆ ನನ್ನ ಕೈಲಾಗಲ್ಲ."

ಕಾಲ್ ಕಟ್ ಆಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೇ ಮಾತೆಂದಳು: "ಆ ಸಂಬಂಧ ತಪ್ಪಿದ್ರೆ ಇನ್ನೊಂದು ಹುಡುಕ್ತಿದ್ದೆ ಕಣ್ಲಾ. ಮಗಳ್ನ ಎಲ್ಲಿ ಹುಡುಕ್ಲಿ?"

ಕಾರ್ಡಿನ ಫೋಟೋ ತೆಗೆದು ಆಗಲೇ ಕಳಿಸಿದೆ.

ಹನ್ನೊಂದು ದಿನ ನಾಲ್ಕು ಗಂಟೆಗೆ ಫೋನ್ ಬರಲಿಲ್ಲ. ಲೋಕೇಶ ಮಾತ್ರ ಒಮ್ಮೆ ಮಾಡಿದ. "ಅಪ್ಪಂಗೆ ನಾನೇ ಹೇಳ್ದೆ ಭಾವ. ಚೆನ್ನಾಗಿ ಬೈದ್ರು. ಆಮೇಲೆ ಹುಡ್ಗಿ ಹೆಂಗವ್ಳೆ ಅಂತ ಕೇಳಿದ್ರು." ಇಷ್ಟೇ. ನಾನು ಯಾರಿಗೆ ಹೆದರಿ ಎರಡು ಹೆಸರು ನುಂಗಿದ್ದೆನೋ ಅವರು ಕೇಳಿದ್ದು ಇಷ್ಟೇ. ಲೋಕೇಶನಿಗೂ ರಕ್ತದ ಟೆಸ್ಟಿನಲ್ಲಿ ಸೋಂಕು ಕಂಡಿತ್ತು. ಶ್ವಾಸಕೋಶ ಚೆನ್ನಾಗಿತ್ತು, ಕಾಯಿಲೆ ಬರದಂತೆ ಮಾತ್ರೆ ಕೊಟ್ಟಿದ್ದರು. ಅವನು ಅದನ್ನು ಸಲೀಸಾಗಿ ಹೇಳಿದ. ಮುಚ್ಚಿದ ರೂಮಿನಲ್ಲಿ ಈ ಕಾಯಿಲೆ ಬೇಗ ಹರಡುತ್ತದೆ; ಕಿಟಕಿ ಮುಚ್ಚು ಎಂದವನು ನಾನಲ್ಲವೇ?

ಹನ್ನೆರಡನೆಯ ದಿನ ಫೋನ್ ಬಂತು.

"ಇನ್ನೂ ಕ್ವಾಪ ಐತೆ ಕಣಣ್ಣ," ಎಂದೇ ಶುರುಮಾಡಿದಳು. "ಆದ್ರೆ ಒಬ್ಳೇ ಇದ್ದೂ ಇದ್ದೂ ಬ್ಯಾಸರ ಆಗೈತೆ. ಚೀಟಿ ಕಟ್ಟು ತಗೊಂಬಾ."

ಅವಳು ಬಿಟ್ಟುಹೋಗಿದ್ದ ಕಟ್ಟು ಪೆಟ್ಟಿಗೆಯಲ್ಲಿತ್ತು. ನಾನು ಕನ್ನಡ ಓದಿದೆ, ಅವಳು ಜರ್ಮನ್ ಹೇಳಿದಳು. ಹತ್ತು ಪದಕ್ಕೇ ಇಬ್ಬರೂ ಸುಸ್ತಾದೆವು.

ರಿಪೋರ್ಟ್ ಒಳ್ಳೆಯದೇ ಬಂತು. ಕೊಡುತ್ತಿದ್ದ ಮಾತ್ರೆಯೇ ಸಾಕು ಎಂದರು. ನನ್ನಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು ಎಂದೂ ಡಾಕ್ಟರು ಹೇಳಿದರಂತೆ. ಸವಿತಾ ಅದನ್ನು ಸಮಾಧಾನಕ್ಕೆಂದು ತಿಳಿಸಿದಳು. ಎಲ್ಲಿಂದಲೇ ಬಂದಿರಲಿ, ಹೆಸರು ಬರೆಸದೆ ಇದ್ದವನು ನಾನೇ.

ಈಗ ಅವಳಿಗೆ ಐದನೆಯ ತಿಂಗಳು ಮಾತ್ರೆ ನಡೆಯುತ್ತಿದೆ. ಕ್ಲಾಸಿಗೆ ಹೋಗುತ್ತಾಳೆ. ಬಳೆ ಮತ್ತೆ ಮಣಿಕಟ್ಟಿನಲ್ಲೇ ನಿಲ್ಲುತ್ತದೆ. ಮುಂದಿನ ತಿಂಗಳು ಪರೀಕ್ಷೆ, ಪಾಸಾಗುತ್ತಾಳೆ, ನನಗೆ ಅನುಮಾನವಿಲ್ಲ. ಮಾತ್ರೆ ಡಬ್ಬಕ್ಕೂ ಚೀಟಿ ಅಂಟಿಸಿದ್ದಾರೆ. ಚಳಿಯಿದ್ದರೂ ಕಿಟಕಿ ತೆರೆದಿರುತ್ತದೆ. ಮೊನ್ನೆ ಲೋಕೇಶ ದೂರು ಹೇಳಿದ: "ಈಗ ಜಗಳಕ್ಕೂ ಪದ ಕಲ್ತವ್ಳೆ ಭಾವ. ನನಗೆ ಅರ್ಧ ಅರ್ಥ ಆಗಲ್ಲ, ಅದೇ ಪುಣ್ಯ."

ಕಾರ್ಡಿನ ಫೋಟೋ ಕಳಿಸಿದ ಮಾರನೆಯ ಬೆಳಿಗ್ಗೆ ಅವ್ವನನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದದ್ದನ್ನು ಹೇಳಿ ಮುಗಿಸುತ್ತೇನೆ. ಅದೇ ಆರೋಗ್ಯ ಕಾರ್ಯಕರ್ತೆ ಸಿಕ್ಕರು. ನನ್ನನ್ನು ನೋಡಿದರು, ಅವ್ವನನ್ನು ನೋಡಿದರು.

"ಒಬ್ಬನೇ ಇರೋದು ಅಂದಿದ್ರಲ್ರೀ?"

"ಸುಳ್ಳು ಹೇಳಿದ್ದೆ ಮೇಡಂ."

ಅವರು ಬೈಯಲಿಲ್ಲ. ಪುಸ್ತಕ ತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು. ಅವ್ವನ ಟೆಸ್ಟಿನಲ್ಲಿ ಏನೂ ಇಲ್ಲ ಎಂದು ಗೊತ್ತಾಗಿದ್ದು ಆಮೇಲೆ.

"ಈಗ ಹೇಳಿ. ಮನೇಲಿ ಯಾರ್ಯಾರು?"

ಅವ್ವನ ಹೆಸರು ಹೇಳಿದೆ. ಆಮೇಲೆ, ಸಾವಿರಾರು ಮೈಲಿ ದೂರದ ರೂಮಿನಲ್ಲಿ ಮಾಸ್ಕ್ ಹಾಕಿಕೊಂಡು ಮಲಗಿದ್ದ ತಂಗಿಯ ಹೆಸರನ್ನು ಪಕ್ಕದ ಬೆಂಚಿನವರಿಗೂ ಕೇಳುವಂತೆ ಹೇಳಿದೆ.