ಇಲಾಖೆಯ ಖರ್ಚಿನಲ್ಲಿ ನನ್ನ ತಮ್ಮನ ಮಣ್ಣು

ನನ್ನ ತಮ್ಮ ಅಗ್ನಿಶಾಮಕ ದಳದಲ್ಲಿದ್ದ. ಶೆಟ್ಟಿಕೆರೆ ಕಡೆಯ ನಮ್ಮ ಊರಿನವರ ಬಾಯಲ್ಲಿ ಅದು 'ಬೆಂಕಿ ಆಫೀಸು'. ಬೇಸಿಗೆ ಬಂತೆಂದರೆ ಅವನಿಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ಒಂದು ದಿನ ನಾರಿನ ಫ್ಯಾಕ್ಟರಿ, ಇನ್ನೊಂದು ದಿನ ಮಟ್ಟೆ ರಾಶಿ, ಮತ್ತೊಂದು ದಿನ ಕೊಬ್ಬರಿ ಗೋಡೌನು. ಕೊಬ್ಬರಿಗೆ ಹತ್ತಿದ ಬೆಂಕಿ ನೀರಿಗೆ ಹೆದರುವುದಿಲ್ಲ ಎಂದು ಅವನೇ ಹೇಳುತ್ತಿದ್ದ. ಅಂಥದೊಂದು ಗೋಡೌನಿನ ಗೋಡೆ ಅವನ ಮೇಲೆ ಬಿತ್ತು. ಕೊಬ್ಬರಿಗೆಲ್ಲ ವಿಮೆ ಇತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಾನು ಹೊನ್ನವಳ್ಳಿಗೆ ಕೊಟ್ಟ ಹೆಣ್ಣು. ಯಜಮಾನರ ಬೈಕಿನಲ್ಲಿ ಆಸ್ಪತ್ರೆ ಸೇರುವ ಹೊತ್ತಿಗೆ ಪೋಸ್ಟ್ ಮಾರ್ಟಂ ಮುಗಿದಿತ್ತು. ತಮ್ಮನ ಹೆಂಡತಿ ಬೆಂಚಿನ ಮೇಲೆ ಪ್ರಜ್ಞೆಯಿಲ್ಲದೆ ಒರಗಿದ್ದಳು. ಅಷ್ಟರಲ್ಲಿ ಊರಿನಿಂದ ಅವ್ವನ ಫೋನು ಬಂತು. ಹೇಗಾಯಿತು, ಯಾಕಾಯಿತು ಎಂದು ಅವಳು ಕೇಳಲೇ ಇಲ್ಲ.

"ಕೂರ್ಸುದ್ರೇನೇ ಅವನ್ನ?" ಎಂದಳು. "ಮೈ ಸೆಟ್ಕೊಳ್ಳೋದ್ರೊಳ್ಗೆ ಕೂರ್ಸ್ರೇ. ಆಮೇಲೆ ಏನ್ ಮಾಡುದ್ರೂ ಆಗಲ್ಲ ಕಣೇ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಉಸಿರು ನಿಂತ ಕೂಡಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ, ಬಟ್ಟೆಯಿಂದ ಬಿಗಿದು ಕೂರಿಸುತ್ತೇವೆ. ಗುಂಡಿಯ ಒಳಗೋಡೆಯಲ್ಲಿ ಒಂದು ಗೂಡು ಕೊರೆದು, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರೆ ತುಂಬಿ, ಕೂತ ಹಾಗೆಯೇ ಮಣ್ಣು ಕೊಡುತ್ತೇವೆ. ನಮ್ಮಪ್ಪ ಹಾಗೇ ಕೂತ, ತಾತನೂ ಹಾಗೇ ಕೂತ. ಮಲಗಿದರೆ ಅದು ಹೆಣ, ಕೂತರೆ ಪೂಜೆಗೆ ಕೂತ ಮನುಷ್ಯ ಅನ್ನುವುದು ಅವ್ವನ ಲೆಕ್ಕ. ಆ ಹೊತ್ತಿನಲ್ಲಿ ಮಗನಿಗೆ ಮಾಡಬಹುದಾದದ್ದು ಅದೊಂದೇ ಉಳಿದಿತ್ತು. ಅವಳು ಅದನ್ನೇ ಕೇಳಿದಳು.

ನಾನು ಅಲ್ಲೇ ಇದ್ದ ಅವನ ಅಗ್ನಿಶಾಮಕ ಠಾಣೆಯ ಅಧಿಕಾರಿಯ ಹತ್ತಿರ ಹೋಗಿ ಹೇಳಿದೆ.

"ನೀವೇನೂ ಚಿಂತೆ ಮಾಡ್ಬೇಡಿ ಮೇಡಂ, ಎಲ್ಲಾ ಇಲಾಖೆ ಖರ್ಚು," ಎಂದರು. "ಪೆಟ್ಟಿಗೆ, ಹೂವು, ಗಾಡಿ, ಎಲ್ಲಾ ನಮ್ಮದೇ."

"ಖರ್ಚಿನ ಮಾತಲ್ಲ ಸಾರ್. ಅವನನ್ನ ಕೂರಿಸ್ಬೇಕು. ಈಗ್ಲೇ."

"ನಾಳೆ ದೊಡ್ಡ ಸಾಹೇಬ್ರು ಬಂದು ಗೌರವ ಸಲ್ಲಿಸ್ತಾರೆ. ಪೆಟ್ಟಿಗೆ ಮೇಲೆ ಬಾವುಟ ಹೊದಿಸ್ಬೇಕು. ಕೂತೋರಿಗೆ ಹೆಂಗ್ ಹೊದಿಸೋದು, ನೀವೇ ಹೇಳಿ?"

ಕೆಟ್ಟ ಮನುಷ್ಯನಲ್ಲ. ಅದೇ ಹೊಗೆಯಲ್ಲಿ ನಿಂತು ಬಂದವರು, ಕಣ್ಣು ಕೆಂಡದ ಹಾಗಿದ್ದವು. ಅದಕ್ಕೇ ನನಗೆ ಅವರ ಮೇಲೆ ಕೂಗಾಡಲು ಆಗಲಿಲ್ಲ. ಕೂಗಾಡಿದ್ದು ನನಗಿಂತ ಮೊದಲೇ ಊರಿನಿಂದ ಬಂದಿದ್ದ ಚಿಕ್ಕಪ್ಪನ ಮೇಲೆ. ಅವನಾಗಲೇ ಸರ್ಕಾರಿ ಗೌರವ ಎಂಬ ಮಾತಿಗೆ ಉಬ್ಬಿಹೋಗಿದ್ದ.

"ಸುಮ್ಕಿರು ಕಣೇ, ಇದು ಎಲ್ರಿಗೂ ಸಿಕ್ಕಾದಲ್ಲ. ತುಪಾಕಿ ಹಾರಿಸ್ತಾರೆ. ನಮ್ಮೂರಿಗೇ ಹೆಸ್ರು."

"ಹೆಸ್ರು ನೀನೇ ಇಟ್ಕೋ ಚಿಕ್ಕಪ್ಪ. ಅವ್ವನಿಗೆ ಏನ್ ಹೇಳ್ಲಿ?"

"ಹೇಳೇನಾಗ್ಬೇಕು ಬುಡು, ಬಂದು ನೋಡ್ತಾಳೆ."

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಹೆಂಗಸಿನ ಕೋಪವನ್ನು ಹೊಡೆದು ಅಡಗಿಸುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ತಮ್ಮನನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ನೆಟ್ಟಗೆ ಮಲಗಿಸಿ ಮುಚ್ಚಿದರು.

ಮಾರನೆಯ ದಿನ ಸಾಹೇಬರು ಬರುವುದು ತಡವಾಯಿತು. ಇತ್ತ ನಮ್ಮ ತೋಟದಲ್ಲಿ ಊರಿನವರು ಬೆಳಿಗ್ಗೆಯೇ ಗುಂಡಿ ತೆಗೆದು ಮುಗಿಸಿದ್ದರು. ಆ ಕೆಲಸಕ್ಕೆ ನಮ್ಮಲ್ಲಿ ಕೂಲಿಯಿಲ್ಲ, ಮನೆಗೊಂದು ಆಳು ಬರುತ್ತದೆ. ಪೆಟ್ಟಿಗೆ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ, ಕೇಳುವುದೇನಿದೆ? ಕೈಗೆ ಗೊತ್ತಿದ್ದ ಗುಂಡಿ ತೆಗೆದಿದ್ದರು. ಚೌಕ, ಇಳಿಯಲು ಮೆಟ್ಟಿಲು, ಎದುರಿಗೆ ಗೂಡು. ಗೂಡಿನ ಒಳಗೆ ಯಾರೋ ಸಗಣಿ ಬಳಿದು ಸಾರಿಸಿಯೂ ಇದ್ದರು.

ಬಾವುಟ ಹೊದ್ದ ಉದ್ದನೆಯ ಪೆಟ್ಟಿಗೆಯನ್ನು ಆ ಗುಂಡಿಯ ದಡಕ್ಕೆ ತಂದಿಟ್ಟಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ತೊಟ್ಟಿಲು ಹಿಡಿಯುವ ಜಾಗಕ್ಕೆ ಮಂಚ ತಂದ ಹಾಗಾಗಿತ್ತು. ಪೂಜೆಗೆ ಬಂದಿದ್ದ ಅಯ್ನೋರು ಪೆಟ್ಟಿಗೆ ತೆಗೆಸಿದರು. "ಒಂದ್ಸಲ ನೋಡಾಣ," ಎಂದು ಚಿಕ್ಕಪ್ಪನೇ ಮುಂದೆ ಬಂದು ಮಂಡಿ ಮಡಿಸಲು ಹೋದ. ಮಡಿಸಲಿಲ್ಲ. ಇನ್ನೊಬ್ಬ ಬಂದು ಭುಜ ಒತ್ತಿ ಹಿಡಿದ. ಚಿಕ್ಕಪ್ಪ ಮತ್ತೆ ಬಲ ಹಾಕಿದ.

"ಬುಡ್ರಪ್ಪಾ," ಎಂದಳು ಅವ್ವ. "ನೋಯ್ತದೆ ಅವ್ನಿಗೆ."

ಆಮೇಲೆ ಒಂದು ಪಕ್ಕಕ್ಕೆ ಗುಂಡಿಯನ್ನು ಉದ್ದ ಮಾಡಲು ಶುರು ಮಾಡಿದರು. ತೆಂಗಿನ ಬೇರು ಅಡ್ಡ ಬಂದವು, ಕೊಡಲಿ ತರಿಸಿದರು. ಸಾಹೇಬರು ಗಡಿಯಾರ ನೋಡಿಕೊಂಡರು. ತುಪಾಕಿ ಹಾರಿದವು, ಕಹಳೆ ಊದಿದರು, ಫೋಟೊ ತೆಗೆದರು. ಗೌರವ ಮುಗಿಯಿತು, ಜೀಪು ಹೊರಟಿತು, ಗುಂಡಿ ಇನ್ನೂ ಮುಗಿದಿರಲಿಲ್ಲ. ಎಡಗೈಯಲ್ಲಿರಬೇಕಾದ ಲಿಂಗವನ್ನು ಅಯ್ನೋರು ಎದೆಯ ಮೇಲಿಟ್ಟರು. ಸಾರಿಸಿದ ಗೂಡು ಅವನ ತಲೆಯ ಹಿಂದೆ ಖಾಲಿ ಉಳಿಯಿತು.

ಕೆಲವು ತಿಂಗಳ ಮೇಲೆ ಅಂತ್ಯಕ್ರಿಯೆಯ ವೆಚ್ಚವೆಂದು ಸರ್ಕಾರದ ಹಣ ಅವನ ಹೆಂಡತಿಯ ಖಾತೆಗೆ ಬಂತು. ಕೊಡಬೇಕಾದದ್ದೇ, ಬೇಡವೆನ್ನಲು ನಾನು ಯಾರು? ಊರೂರಿನ ಬೆಂಕಿ ಆರಿಸಿ ಸತ್ತವನ ಮಣ್ಣಿಗೆ ಅವನ ಮನೆಯವರು ಸಾಲ ಮಾಡಬಾರದು. ಆದರೆ ನಮ್ಮಲ್ಲಿ ಗುಂಡಿಗೆ ಕೂಲಿಯಿಲ್ಲ, ಪತ್ರೆಗೆ ಬೆಲೆಯಿಲ್ಲ, ವಿಭೂತಿಯನ್ನು ಮಠದಿಂದ ಸುಮ್ಮನೆ ಕೊಡುತ್ತಾರೆ. ನಾವು ಬೇಡಿದ್ದು ಬಿಡಿಗಾಸು ಖರ್ಚಿಲ್ಲದ ಕೆಲಸ. ಅದೊಂದನ್ನು ಬಿಟ್ಟು ಮಿಕ್ಕದ್ದಕ್ಕೆಲ್ಲ ಸರ್ಕಾರದಲ್ಲಿ ದುಡ್ಡಿತ್ತು.

ಆ ಹಣದಲ್ಲಿ ಗದ್ದುಗೆ ಕಟ್ಟಿಸೋಣ ಎಂದಳು ಅವನ ಹೆಂಡತಿ. ಗಾರೆ ಕೆಲಸದವನು ಬಂದು ಮಣ್ಣು ಕುಸಿದ ಜಾಗ ನೋಡಿ, "ಉದ್ದಕ್ಕೆ ಕಟ್ಬೇಕಲ್ವಾ ಅಮ್ಮಾ?" ಎಂದ.

"ಚೌಕಾಕೆ ಕಟ್ಟಪ್ಪ," ಎಂದಳು ಅವ್ವ.

"ಒಳಗೆ ಉದ್ದಕ್ಕೆ ಅವ್ರಲ್ಲಾ?"

"ನಮ್ಮೋರ್ದೆಲ್ಲ ಹೆಂಗೈತೆ ನೋಡು. ಹಂಗೇ ಕಟ್ಟು."

ಅವನು ಹಾಗೆಯೇ ಕಟ್ಟಿದ. ಅಪ್ಪನ ಗದ್ದುಗೆ, ತಾತನ ಗದ್ದುಗೆ, ಪಕ್ಕದಲ್ಲಿ ತಮ್ಮನದು, ಮೂರೂ ಒಂದೇ ಅಳತೆ. ನೋಡಿದವರು ಅವನೂ ಕೂತಿದ್ದಾನೆಂದೇ ತಿಳಿಯಬೇಕು, ತಿಳಿಯುತ್ತಾರೆ ಕೂಡ.

ಮೊನ್ನೆ ತವರಿಗೆ ಹೋಗಿದ್ದಾಗ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಆಳೊಬ್ಬ ಕಾಯಿ ತುಂಬಿದ ಮಂಕರಿ ಹೊತ್ತುಕೊಂಡು ಗದ್ದುಗೆಯ ಮಗ್ಗುಲಿಗೆ, ಬರಿಯ ನೆಲದ ಮೇಲೆ ಹೆಜ್ಜೆ ಇಟ್ಟ. ಮರದ ಬುಡದಲ್ಲಿ ಕೂತಿದ್ದ ಅವ್ವ ದಡಬಡಿಸಿ ಎದ್ದಳು.

"ಲೇ, ಅಲ್ಲಿ ತುಳೀಬ್ಯಾಡ ಕಣ್ಲಾ! ಅತ್ಲಾಗಿಂದ ಬಾ. ನನ್ ಮಗನ ಕಾಲು ಆಚೆಗೆ ಅವೆ."