ಆನ್ಸೆಲ್ ತುಂಬಿದ ತೋಟಾಗಳು

ಆನ್ಸೆಲ್ ಟೋರ್ವಿಕ್ ತುಂಬಿಕೊಟ್ಟ ತೋಟಾ ಎಂದೂ ಕೈಕೊಡುವುದಿಲ್ಲ ಎಂದು ಮಿಲ್ಕ್ ನದಿಯ ಎರಡೂ ದಡದವರು ನಂಬಿದ್ದರು. ಅವನೂ ನಂಬಿದ್ದ. ಮೊಂಟಾನಾದ ಆ ಬೋಳು ಬಯಲಿನಲ್ಲಿ ರೈಲು ಹಳಿ ರಿಪೇರಿ ಮಾಡುತ್ತಲೇ ಪ್ರಾಯ ಕಳೆದವನು ಅವನು. ನಿವೃತ್ತನಾದ ಮೇಲೆ ಉಳಿದದ್ದು ಹೆಂಡತಿ ಆರ್ಡಿತ್, ಅವಳ ಕೋಳಿಗಳು ಮತ್ತು ಹಿಂದಿನ ಕೋಣೆಯ ಮೇಜಿಗೆ ಬಿಗಿದ ತೋಟಾ ಒತ್ತುವ ಯಂತ್ರ.

ಅಲ್ಲಿ ಅವನು ತುಂಬುತ್ತಿದ್ದದ್ದು ಒಂದೇ ಜಾತಿಯ ತೋಟಾ. ಕಿರುಬೆರಳಿನಷ್ಟು ಸಣ್ಣದು, ಕತ್ತಿನ ಹತ್ತಿರ ಸೀಸೆಯಂತೆ ಕಿರಿದಾಗುವ ಹಿತ್ತಾಳೆ. ಅದನ್ನು ಹಾರಿಸುವ ಕೋವಿಗಳು ಅಜ್ಜಂದಿರ ಕಾಲದವು. ಪೇಟೆಯ ಅಂಗಡಿಗೆ ಆ ಅಳತೆಯ ಸರಕು ಬರುವುದು ಎಂದೋ ನಿಂತಿತ್ತು. ಅಪ್ಪನ ಕೋವಿಯನ್ನು ಮೂಲೆಗಿಡಲು ಮನಸ್ಸು ಬಾರದವರು ಹಾರಿಸಿದ ಖಾಲಿ ಹಿತ್ತಾಳೆಗಳನ್ನು ಆರಿಸಿಟ್ಟುಕೊಂಡು, ಕಾಫಿ ಡಬ್ಬಿಯಲ್ಲಿ ತಂದು ಅವನ ಮೇಜಿನ ಮೇಲೆ ಸುರಿಯುತ್ತಿದ್ದರು. ಅವನು ಅವನ್ನು ಉಜ್ಜಿ, ಒತ್ತಿ ಮೊದಲಿನ ಆಕಾರಕ್ಕೆ ತಂದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಗುಂಡು ಕಚ್ಚಿಸಿ ಕೊಡುತ್ತಿದ್ದ.

ಆ ಕೆಲಸದಲ್ಲಿ ಭಯಪಡಬೇಕಾದ ಜಾಗ ಒಂದಿತ್ತು. ಅವನು ಬಳಸುವ ಮದ್ದು ಬಲು ಚುರುಕು. ಹಿತ್ತಾಳೆಯ ಅರ್ಧ ಹೊಟ್ಟೆಯೂ ತುಂಬುತ್ತಿರಲಿಲ್ಲ. ಕೈಮರೆತು ಅದಕ್ಕೇ ಇನ್ನೊಂದು ಸಲ ಹಾಕಿದರೂ ಹೊರಗೆ ಚೆಲ್ಲುವುದಿಲ್ಲ; ಹಾರಿಸಿದಾಗ ಮಾತ್ರ ಹಿತ್ತಾಳೆ ಹಾರಿಸಿದವನ ಮುಖಕ್ಕೇ ಸಿಡಿಯುತ್ತದೆ. ಗುಂಡು ಕೂತ ಮೇಲಂತೂ ಒಳಗೇನಿದೆ ಎಂದು ದೇವರಿಗೇ ಗೊತ್ತು. ಆದ್ದರಿಂದ ಗುಂಡು ಕೂರಿಸುವ ಮುಂಚೆ ಪ್ರತಿಯೊಂದರೊಳಗೂ ದೀಪ ಹಿಡಿದು ಇಣುಕಬೇಕು. ಆನ್ಸೆಲ್ ಇಣುಕದೆ ಬಿಟ್ಟವನಲ್ಲ.

ಆ ಚಳಿಗಾಲವೂ ಇಣುಕಿದ. ಆದರೆ ಎಲ್ಲದರೊಳಗೂ ಒಂದೇ ತರಹದ ಬೂದು ಬಣ್ಣ ಕಂಡಿತು.

"ಈ ಬಲ್ಬಿಗೆ ಏನಾಗಿದೆಯೋ, ಬೆಳಕೇ ಇಲ್ಲ," ಎಂದ.

ಆರ್ಡಿತ್ ಹೊಸ ಬಲ್ಬು ಹಾಕಿದಳು. ಹಾಕಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕಾಫಿ ಬಗ್ಗಿಸುವಾಗ ಅವನು ಲೋಟದ ಅಂಚಿಗೆ ಬೆರಳು ಇಟ್ಟುಕೊಳ್ಳುವುದನ್ನು ಅವಳು ಗಮನಿಸಿದ್ದಳು. ಚರ್ಚಿನಲ್ಲಿ ಪುಸ್ತಕ ತೆರೆಯದೆ ಹಾಡುವುದನ್ನೂ. ಕೇಳಿದರೆ ಸಿಡುಕುತ್ತಾನೆಂದು ಸುಮ್ಮನಿದ್ದಳು. ಅವನಿಗೂ ಗೊತ್ತಿತ್ತು. ಕಣ್ಣು ಹೋಗುತ್ತಿದೆ ಎಂದು ಒಪ್ಪಿಕೊಂಡರೆ ಆ ಮೇಜಿನ ಮುಂದೆ ಕೂರುವ ಹಾಗಿಲ್ಲ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಕುರಿಗಳು ಮರಿ ಹಾಕುವ ಕಾಲಕ್ಕೆ ಲೈಲ್ ಹೆಬ್ರನ್ ಬಂದ. ಆನ್ಸೆಲ್‌ನ ಜೊತೆ ಹಳಿಯ ಮೇಲೆ ದುಡಿದು, ಆಮೇಲೆ ಕುರಿ ಸಾಕಿದವನು, ಒಂಟಿ ಮನುಷ್ಯ. ಗುಡ್ಡದ ಮೇಲಿನ ತನ್ನ ದೊಡ್ಡಿಗೆ ಕಾಯೋಟಿಗಳು, ಆ ನರಿಯಂಥ ತೋಳಗಳು, ದಿನಾ ಬರುತ್ತಿವೆ ಎಂದ.

"ಆಯ್ತೇನೋ ಮುದುಕಾ? ನೀನು ತುಂಬಿ ಕೊಡೋ ಹೊತ್ತಿಗೆ ನನ್ನ ಕುರಿಗಳಿಗೇ ಕೋವಿ ಹಿಡಿಯೋದು ಕಲಿಸ್ಬಹುದಿತ್ತು."

"ಕಲಿಸು. ನಿನಗಿಂತ ಚೆನ್ನಾಗಿ ಗುರಿ ಹೊಡೀತವೆ," ಎಂದು ಆನ್ಸೆಲ್ ಆ ಚಳಿಗಾಲ ತುಂಬಿದ ತೋಟಾಗಳ ಮೊದಲ ಪೆಟ್ಟಿಗೆ ಕೊಟ್ಟ.

ಮಾರನೆಯ ದಿನ ಬೆಳಗಿನಿಂದ ಬೆಚ್ಚನೆಯ ಗಾಳಿ ಎದ್ದು, ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಆನ್ಸೆಲ್ ತೂತಿನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿದ ಇನ್ನಷ್ಟು ಹಿತ್ತಾಳೆಗಳಿಗೆ ಮದ್ದು ಹಾಕಿ ಮುಗಿಸಿ ಇಣುಕಿದ. ಮತ್ತದೇ ಬೂದು. ಯಾಕೋ ಅವತ್ತು ಕೈ ಮುಂದಕ್ಕೆ ಹೋಗಲಿಲ್ಲ. ಬೆಂಕಿಕಡ್ಡಿ ತೆಗೆದು ಒಂದೊಂದರೊಳಗೂ ಇಳಿಸುತ್ತ ಹೋದ. ಇಳಿಯಿತು, ಇಳಿಯಿತು, ಇಳಿಯಿತು. ಒಂದರಲ್ಲಿ ತುದಿ ಹೋಗುತ್ತಲೇ ತಡೆಯಿತು. ಅದರಲ್ಲಿ ಎರಡು ಪಾಲು ಮದ್ದಿತ್ತು.

ಅವನು ಆ ಕಡ್ಡಿಯನ್ನು ಹಾಗೇ ಹಿಡಿದುಕೊಂಡು ಕೂತ. ಲೈಲ್‌ನ ಪೆಟ್ಟಿಗೆಯನ್ನೂ ಹೀಗೇ, ಇದೇ ಕಣ್ಣಿನಿಂದ ನೋಡಿ ಕೊಟ್ಟಿದ್ದ.

"ಆರ್ಡಿತ್!" ಎಂದು ಕೂಗಿದ. "ಗಾಡಿ ತೆಗಿ. ಲೈಲ್‌ನ ದೊಡ್ಡಿಗೆ ಹೋಗ್ಬೇಕು."

ಅವಳು ಬಾಗಿಲಿಗೆ ಬಂದಳು. ಮೇಜನ್ನು ನೋಡಿದಳು, ಕಡ್ಡಿಯನ್ನು ನೋಡಿದಳು. "ಎಷ್ಟು ದಿನದಿಂದ ಕಾಣಿಸ್ತಿಲ್ಲ ನಿಂಗೆ?"

"ದಾರೀಲಿ ಬೈಯುವಿಯಂತೆ. ಮೊದಲು ನಡಿ."

ದಾರಿಯಲ್ಲಿ ಅವಳು ಬೈಯಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಗುಡ್ಡದ ಮೇಲೆ ಫೋನಿಲ್ಲ. ಕರಗಿದ ಹಿಮದಿಂದ ರಸ್ತೆ ಕೆಸರಾಗಿ, ಹಳೆಯ ಪಿಕಪ್ಪು ಎರಡು ಕಡೆ ಹೂತಿತು. ಎರಡನೆಯ ಸಲ ಅವನು ಇಳಿದು ತಳ್ಳುತ್ತಿದ್ದಾಗ ಗುಡ್ಡದ ಕಡೆಯಿಂದ ಕೋವಿಯ ಸದ್ದು ಬಂತು. ಆ ತೋಟಾದ ಸದ್ದು ಅವನಿಗೆ ಹೆಂಡತಿಯ ಕೆಮ್ಮಿನಷ್ಟೇ ಪರಿಚಿತ: ಒಣಕೊಂಬೆ ಮುರಿದಂಥ ಸಣ್ಣ ಸದ್ದು. ಇದು ಹಾಗೇ ಇತ್ತು. ಅವನು ಉಸಿರು ಬಿಟ್ಟ. ಇನ್ನೊಂದು ಕೇಳಿಸಿತು. ಅದೂ ಸರಿಯಾಗಿತ್ತು.

ಮೂರನೆಯದು ಸರಿಯಿರಲಿಲ್ಲ. ಅದು ಒಡೆದ ಸದ್ದು. ಅದಾದ ಮೇಲೆ ನಾಯಿ ಬೊಗಳಿತು, ಬೊಗಳುತ್ತಲೇ ಇತ್ತು.

"ಗಾಡಿ ಹತ್ತು, ಆನ್ಸೆಲ್," ಎಂದಳು ಆರ್ಡಿತ್. ಅವನು ಕೆಸರಿನಲ್ಲಿ ನಿಂತೇ ಇದ್ದ. "ಹತ್ತು ಅಂದೆ!"

ದೊಡ್ಡಿ ತಲುಪಿದಾಗ ಲೈಲ್ ಬೇಲಿಗೆ ಒರಗಿ ಕೂತಿದ್ದ. ಆನ್ಸೆಲ್‌ಗೆ ಕಂಡದ್ದು ಕಂದು ಕೋಟು, ಅದರ ಮೇಲೊಂದು ಬಿಳಿ ಮಸುಕು. ಆರ್ಡಿತ್ "ಅಯ್ಯೋ ದೇವರೇ" ಎಂದು ತಕ್ಷಣ ಬಾಯಿಗೆ ಕೈ ಇಟ್ಟುಕೊಂಡಳು.

"ಏನು? ಏನಾಗಿದೆ ಅವನಿಗೆ?"

"ಏನಿಲ್ಲವೋ," ಎಂದ ಲೈಲ್. ಕಿವಿ ಗುಂಯ್‌ಗುಡುತ್ತಿದ್ದವನು ಬೇಕಾದದ್ದಕ್ಕಿಂತ ಗಟ್ಟಿಯಾಗಿ ಮಾತಾಡುತ್ತಿದ್ದ. "ಹಿತ್ತಾಳೆ ಹಿಂದಿನಿಂದ ಒಡೀತು. ಹೊಗೆ ಮುಖಕ್ಕೆ ಬಡೀತು. ಅಪ್ಪನ ಕೋವಿ ಕಚ್ಕೊಂಡು ಬಾಯಿ ಬಿಡ್ತಿಲ್ಲ. ಬೂಟಿನಿಂದ ಒದ್ದು ತೆಗೆದು ಇನ್ನೊಂದು ತೋಟಾ ತುರುಕೋಣ ಅಂತಿದ್ದೆ, ಅಷ್ಟರಲ್ಲಿ ನೀವು ಬಂದ್ರಿ."

"ಪೆಟ್ಟಿಗೆ ಕೊಡು."

"ಯಾಕೆ, ಕೊಟ್ಟದ್ದು ವಾಪಸ್ ಕೇಳ್ತೀಯಾ? ಜಿಪುಣ," ಎಂದು ಲೈಲ್ ನಕ್ಕ.

"ಕೊಡೋ ಲೈಲ್! ನಂಗೆ ಕಣ್ಣು ಕಾಣಲ್ಲ. ಕಾಣದೇ ತುಂಬಿದೀನಿ."

ಲೈಲ್ ನಗು ನಿಲ್ಲಿಸಿದ. ಜೇಬಿನಲ್ಲಿದ್ದವನ್ನೂ ಹುಡುಕಿ ತೆಗೆದು ಪೆಟ್ಟಿಗೆಗೆ ಹಾಕಿ, ಅದನ್ನು ಆನ್ಸೆಲ್‌ನ ಕೈಗಲ್ಲ, ಆರ್ಡಿತ್‌ಳ ಕೈಗೆ ಕೊಟ್ಟ.

ಅಂದೇ ಸಂಜೆಗೆ ಮುಂಚೆ ಗುಂಡುಗಳನ್ನೆಲ್ಲ ಕಿತ್ತು ಮದ್ದು ಸುರಿದು ನೋಡಿದರು. ಕಿತ್ತದ್ದು ಆನ್ಸೆಲ್, ನೋಡಿದ್ದು ಆರ್ಡಿತ್. ಇನ್ನೂ ಒಂದರಲ್ಲಿ ಎರಡು ಪಾಲು ಇತ್ತು. ಅವಳು ಅದನ್ನು ಬೇರೆ ತಟ್ಟೆಗೆ ಸುರಿದಳು. ಅವನು ತಟ್ಟೆಯ ಸದ್ದಿನಲ್ಲೇ ತಿಳಿದುಕೊಂಡ.

ಬೇಸಿಗೆಯಲ್ಲಿ ಪೇಟೆಯ ಡಾಕ್ಟರು ಎರಡೂ ಕಣ್ಣಿನ ಪೊರೆ ತೆಗೆದರು. ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡ ವಾರ ಲೈಲ್ ಊಟಕ್ಕೆ ಬಂದಿದ್ದ. ಎದುರು ಕೂತು ಆಲೂಗೆಡ್ಡೆಯ ಬಟ್ಟಲು ದಾಟಿಸುತ್ತಿದ್ದ ಆನ್ಸೆಲ್ ತಲೆ ಎತ್ತಿದವನು ಚಾಚಿದ ಕೈಯನ್ನು ಹಾಗೇ ತಡೆದ. ಗೆಳೆಯನ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ಕಿವಿಯವರೆಗೆ, ಚರ್ಮದೊಳಗೇ ಕೂತ ಸುಟ್ಟ ಮದ್ದಿನ ಕಪ್ಪು ಚುಕ್ಕೆಗಳು.

"ಹೋಗಲ್ವಂತೆ," ಎಂದ ಲೈಲ್ ಬಟ್ಟಲು ತೆಗೆದುಕೊಳ್ಳುತ್ತ. "ನೀನೊಬ್ಬನೇ ನೋಡಿರ್ಲಿಲ್ಲ."

ಆರ್ಡಿತ್ ತಟ್ಟೆ ನೋಡುತ್ತ ಕೂತಿದ್ದಳು. ಅವಳು, ಲೈಲ್ ಇಬ್ಬರೂ ಸೇರಿಯೇ ಇದನ್ನು ಅವನಿಂದ ಮುಚ್ಚಿಟ್ಟಿದ್ದರು.

ಲೈಲ್ ಹೊಸ ಕೋವಿ ಕೊಂಡ. ಜನ ಕಾಫಿ ಡಬ್ಬಿ ಹಿಡಿದು ಬಂದರೆ ಆನ್ಸೆಲ್ ಡಬ್ಬಿ ಮುಟ್ಟದೆ ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತಿದ್ದ. ಕಣ್ಣು ಈಗ ಸರಿಯಾಗಿದೆಯಲ್ಲ ಎಂದು ಯಾರಾದರೂ ಅಂದರೆ, ಹೌದು, ಎಲ್ಲ ಕಾಣಿಸುತ್ತದೆ ಎನ್ನುತ್ತಿದ್ದ. ಗುಡ್ಡದ ಕಡೆ ಕೋವಿಯ ಸದ್ದಾದಾಗ ಮಾತ್ರ ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದ, ಮುಂದಿನದೂ ಸರಿಯಾಗಿ ಕೇಳಿಸುವವರೆಗೆ.