ಮೂವತ್ತೆರಡು ಬಿಟ್ಟಿನ ಕಿವಿ

ನನ್ನ ಎಡಗಿವಿ ಮೂವತ್ತೆರಡು ಬಿಟ್ಟಿನದು. ನಗಬೇಡಿ, ಹಾಗಂದವನು ಶಿಕಾರಿಪುರದಲ್ಲಿ ಕಿವಿ ಮಿಷನ್ ಅಂಗಡಿ ಇಟ್ಟಿರುವ ಮಂಜುನಾಥ. ವರ್ಷಕ್ಕೊಮ್ಮೆ ನಾವು ಗಂಡ ಹೆಂಡತಿ ಸೊರಬದಿಂದ ಅವನಲ್ಲಿಗೆ ಹೋಗುತ್ತೇವೆ; ಅವನು ನನ್ನ ಮಿಷನ್ನಿಗೆ ವೈರು ಸಿಕ್ಕಿಸಿ, ತನ್ನ ಹಳೆಯ ಕಂಪ್ಯೂಟರಿನಿಂದ ಅದರ ದನಿ ಹದ ಮಾಡಿಕೊಡುತ್ತಾನೆ. ಈ ಸಲ ವೈರು ಕೈಯಲ್ಲಿ ಹಿಡಿದೇ ಹೇಳಿದ: "ಇದೇ ಕಡೀ ಸರ್ತಿ ಅಂತ ತಿಳ್ಕೊಳ್ರೀ ಯಜಮಾನ್ರೇ. ಈ ಕಂಪ್ಯೂಟ್ರು ಮೂವತ್ತೆರಡು ಬಿಟ್ಟಿಂದು, ಇವತ್ತೋ ನಾಳೆಯೋ ಅನ್ನಂಗೈತಿ. ನಿಮ್ಮ ಮಿಷನ್ ಸಾಫ್ಟ್‌ವೇರು ಇದ್ರಾಗಷ್ಟೇ ನಡೀತೈತಿ. ಈಗ ಬರೋವೆಲ್ಲ ಅರವತ್ನಾಲ್ಕು."

ನಾನು ಬಟ್ಟೆ ಅಂಗಡಿಯವನು. ಆದರೂ ಈ ಬಿಟ್ಟಿನ ವಿಚಾರ ತಲೆಗೆ ಹತ್ತಿತು. ಅವರಿವರನ್ನು ಕೇಳಿ ಅರ್ಥ ಮಾಡಿಕೊಂಡದ್ದು ಇಷ್ಟು. ಕಂಪ್ಯೂಟರಿನ ಚಿಪ್ಪು ತನ್ನ ನೆನಪಿನ ಒಂದೊಂದು ಕೋಣೆಗೂ ನಂಬರು ಹಾಕುತ್ತದೆ. ಆ ನಂಬರಿಗೆ ಮೂವತ್ತೆರಡೇ ಬಿಟ್ಟು, ಅಂದರೆ ಸೊನ್ನೆ ಇಲ್ಲವೇ ಒಂದು ಎನ್ನುವ ಮೂವತ್ತೆರಡೇ ಅಂಕಿಯಾದರೆ ನಾಲ್ಕು ಜಿಬಿಗೆ ಕೋಣೆ ಮುಗಿಯಿತು. ಹದಿನಾರು ಬಿಟ್ಟಿನದನ್ನು ಮೂಲೆಗೆ ತಳ್ಳಿ ಈ ಮೂವತ್ತೆರಡು ಮೆರೆಯುತ್ತಿದ್ದ ಕಾಲಕ್ಕೆ, ಇಷ್ಟೊಂದು ಕೋಣೆ ಯಾರಿಗೆ ಬೇಕು ಎನ್ನುತ್ತಿದ್ದರಂತೆ. ಆಮೇಲೆ ಫೋಟೊ ಬಂತು, ವಿಡಿಯೊ ಬಂತು, ಸಂಸಾರ ಬೆಳೆಯಿತು. ಅರವತ್ತನಾಲ್ಕು ಬಂದು ಕೂತಿತು. ಅದು ಹಳಬನ ಮಾತನ್ನು ಅಷ್ಟಿಷ್ಟು ನಡೆಸಿಕೊಟ್ಟಿತು, ಎಲ್ಲವನ್ನೂ ಅಲ್ಲ. ಕೊನೆಗೆ ಹಳೆಯದಕ್ಕೆ ಸಾಫ್ಟ್‌ವೇರ್ ಬರೆಯುವವರೇ ಇಲ್ಲವಾದರು.

ನಮ್ಮ ಅಂಗಡಿಯಲ್ಲಿ ಅಜ್ಜನ ಗಜಕೋಲಿದೆ. ಮೀಟರ್ ಬಂದಾಗ ಅದೇನೂ ಮುರಿದಿರಲಿಲ್ಲ. ಗಿರಾಕಿಗಳು ಗಜದಲ್ಲಿ ಕೇಳುವುದನ್ನು ಬಿಟ್ಟರು, ಅಷ್ಟೆ. ಈಗ ಅದು ಬೆಕ್ಕು ಓಡಿಸುವ ಕೆಲಸದಲ್ಲಿದೆ.

ಹೊಸ ಮಿಷನ್ ಕೊಳ್ಳಬಹುದಲ್ಲ ಎನ್ನುತ್ತೀರಿ. ಹಾಕಿ ನೋಡಿದೆ. ಹೆಂಡತಿಯ ದನಿ ಡಬ್ಬದೊಳಗಿಂದ ಬಂದಂತೆ ಕೇಳಿಸಿತು. ಬೇಡಪ್ಪ ಎಂದು ಕೈಮುಗಿದೆ.

"ಹಂಗಾದ್ರೆ ಇವತ್ತು ಹೆಂಗ ಇಡ್ತೀನೋ ಹಂಗೇ ಇರತೈತಿ, ಮುಂದ ತಿದ್ದಾಕ ಬರಲ್ಲ," ಎಂದ ಮಂಜುನಾಥ. "ಎಲ್ಲಾರ ದನಿಗೂ ಹೊಂದಿಸಾಕ ಆಗಲ್ರೀ. ಯಾರ ದನಿಗೆ ಇಡ್ಲಿ?"

ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ತೋರಿಸಿದೆ. ಬೇರೆ ಯಾರನ್ನಾದರೂ ಹೇಳಿ ಮನೆಗೆ ಹೋಗುವ ಧೈರ್ಯ ಯಾರಿಗಿದೆ? ತಮಾಷೆ ಬಿಡಿ, ಆ ದನಿ ಕೈತಪ್ಪಿ ಹೋದೀತೆಂದು ನನಗೆ ನಿಜವಾಗಿಯೂ ಭಯವಾಗಿತ್ತು.

"ನಂದು ಬೇಡ," ಎಂದಳು ಅವಳು. "ನಾ ಏನಂತೀನಿ ಅಂತ ಇವ್ರಿಗೆ ಬಾಯಿಪಾಠ ಆಗಿದೆ. ಮೊಮ್ಮಗಳು ಈಗಷ್ಟೇ ಮಾತು ಕಲೀತಿದಾಳೆ, ಅವಳ ದನಿಗೆ ಇಡಿ. ಅದು ಏನಂತದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ."

ಅವಳ ಮೊಬೈಲಿನಲ್ಲಿದ್ದ ಮಗುವಿನ ತೊದಲು ಮಾತು ಹಾಕಿ ಹಾಗೇ ಇಡಿಸಿದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಮಾತಾಡಿದಳು. ಅರ್ಧ ಕೇಳಿಸಿತು. ಉಳಿದರ್ಧ ನನಗೆ ಗೊತ್ತೇ ಇತ್ತು.